ಹಂಡೆಯ ಬಿಸಿನೀರು ಯಾರಿಗೆ? ‘ಬೆಟ್ಟದ ಜೀವ’ದ ವರ್ಣನೆಯನ್ನು ಓದಿದ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಒಂದು ಕಾಲೇಜು. ಪದವಿ ಎರಡನೇ ವರ್ಷದ ಕನ್ನಡ ತರಗತಿ. ಅಸೈನ್‌ಮೆಂಟಿನ ಪ್ರಶ್ನೆ ಒಂದೇ ಸಾಲಿನದು: ‘ನಿಮ್ಮ ಮೆಚ್ಚಿನ ಲೇಖಕರ ಒಂದು ಕಾದಂಬರಿಯಲ್ಲಿ ವರ್ಣನೆ ಹೇಗೆ ಕೆಲಸ ಮಾಡುತ್ತದೆ?’ 1000 ಪದಗಳ ಮಿತಿ, ಮೂರು ವಾರಗಳ ಗಡು. ಇಲ್ಲಿ ದಾಖಲಿಸುತ್ತಿರುವುದು ಒಬ್ಬ ವಿದ್ಯಾರ್ಥಿನಿ ಬರೆದ ಮೂರು ಕರಡುಗಳನ್ನು, ಅವುಗಳ ನಡುವೆ ಏನಾಯಿತು ಎಂಬುದನ್ನು. ಅವಳ ಜೊತೆಗೆ ಅದೇ ಪುಸ್ತಕವನ್ನು ಆರಿಸಿಕೊಂಡ ಇನ್ನೊಬ್ಬ ಹುಡುಗನಿದ್ದ. ಅವನಿಲ್ಲದಿದ್ದರೆ ಈ ಪ್ರಕರಣ ಎರಡನೇ ಕರಡಿನಲ್ಲೇ ನಿಂತುಬಿಡುತ್ತಿತ್ತು.

ಇಬ್ಬರೂ ಆರಿಸಿಕೊಂಡದ್ದು ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರ ಕಾದಂಬರಿ. ಕುಮಾರಪರ್ವತದ ಬುಡದ ಕಾಡಿನಲ್ಲಿ ಮುಸ್ಸಂಜೆ ದಾರಿ ತಪ್ಪಿದ ಒಬ್ಬ ಪ್ರಯಾಣಿಕ. ದೇರಣ್ಣ, ಬಟ್ಯ ಎಂಬ ಇಬ್ಬರು ಸಿಗುತ್ತಾರೆ, ಕೆಳಬೈಲಿನ ಗೋಪಾಲಯ್ಯನ ಮನೆಗೆ ಅವನನ್ನು ಕರೆದೊಯ್ಯುತ್ತಾರೆ. ಅಲ್ಲಿ ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿ. ಕಾಡು ಕಡಿದು ಎಬ್ಬಿಸಿದ ಅಡಿಕೆ ತೋಟ. ಮನೆಬಿಟ್ಟು ಹೋದ ಮಗ ಶಂಭುವಿನ ನೆನಪು. ಕಥೆಯನ್ನು ಹೇಳುವವನು ಆ ಪ್ರಯಾಣಿಕನೇ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಇಡೀ ಪ್ರಕರಣ ತಿರುಗುವ ತಿರುಗಣಿ ಅದೇ.

ಕಾದಂಬರಿ ಬಂದ ಕಾಲಕ್ಕೆ ಕಾಸರಗೋಡು, ಕಥೆ ನಡೆಯುವ ಕಡೆಯ ಪುತ್ತೂರು ಎರಡೂ ಮದ್ರಾಸು ಪ್ರಾಂತದ ಒಂದೇ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ರಾಜ್ಯದ ಗಡಿ ನಡುವೆ ಬಂತು. ಆದರೂ ಚೆರ್ಕಳದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿನ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ ಮಣ್ಣು, ಮಳೆ, ತೋಟ, ಊಟ ಯಾವುದೂ ಬದಲಾದಂತೆ ಕಾಣುವುದಿಲ್ಲ. ಹಾಗಾಗಿ ಇಲ್ಲಿನ ಮಕ್ಕಳಿಗೆ ಈ ಕಾದಂಬರಿ ಸುಲಭ ಎಂದೇ ಎಲ್ಲರೂ ತಿಳಿದುಕೊಂಡಿದ್ದಾರೆ. ಆ ತಿಳುವಳಿಕೆ ಅರ್ಧ ಮಾತ್ರ ಸರಿ ಎಂದು ಈ ಪ್ರಕರಣ ತೋರಿಸಿತು.

ಮೊದಲ ಕರಡು

ಹುಡುಗಿ ಎಣ್ಮಕಜೆ ಕಡೆಯ ತೋಟದ ಮನೆಯವಳು. ಓದುವ ಚಾಳಿ ಇದೆ, ಅಕ್ಷರ ಶುದ್ಧ. ಮೊದಲ ಕರಡನ್ನು ನಾಲ್ಕೇ ದಿನಗಳಲ್ಲಿ ತಂದುಕೊಟ್ಟಳು. ಅದರ ಒಂದು ತುಣುಕು:

‘ಕಾರಂತರು ಪ್ರಕೃತಿಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾರೆ. ದಟ್ಟವಾದ ಹಸಿರು ಕಾಡು, ಜುಳುಜುಳು ಹರಿಯುವ ತೊರೆಗಳು, ಮುಗಿಲು ಮುಟ್ಟುವ ಬೆಟ್ಟಗಳು ಓದುಗರ ಮನಸೂರೆಗೊಳ್ಳುತ್ತವೆ.’

ಇಂಥ ಬರಹಕ್ಕೆ ಮಾಡುವ ಪರೀಕ್ಷೆ ಸಣ್ಣದು. ಲೇಖಕರ ಹೆಸರನ್ನು ಹೊಡೆದುಹಾಕಿ ಬೇರೊಬ್ಬರ ಹೆಸರು ಬರೆಯಬೇಕು. ವಾಕ್ಯ ಆಗಲೂ ಸರಿಯಾಗಿಯೇ ನಿಂತರೆ ಅದು ಈ ಕಾದಂಬರಿಯ ಬಗ್ಗೆ ಏನನ್ನೂ ಹೇಳಿಲ್ಲ. ಮೂರು ಪುಟಗಳಲ್ಲಿ ಹೀಗೆ ಹೊಡೆದುಹಾಕಿದಾಗ ಬಿದ್ದುಹೋದ ವಾಕ್ಯಗಳು ಎರಡು: ಒಂದು ಗೋಪಾಲಯ್ಯನ ಹೆಸರಿದ್ದದ್ದು, ಇನ್ನೊಂದು ಕುಮಾರಪರ್ವತದ ಹೆಸರಿದ್ದದ್ದು. ಉಳಿದವೆಲ್ಲ ಯಾವ ಮಲೆನಾಡಿನ ಕಾದಂಬರಿಗೂ ಹೊಂದುವಂಥವು.

‘ಕಣ್ಣಿಗೆ ಕಟ್ಟುವಂತೆ’ ಎಂಬುದು ಪರಿಣಾಮದ ಹೆಸರು, ಕಾರಣದ ಹೆಸರಲ್ಲ. ಊಟ ರುಚಿಯಾಗಿತ್ತು ಎಂದರೆ ಸಾರಿಗೆ ಏನೇನು ಹಾಕಿದ್ದರು ಎಂದು ಗೊತ್ತಾಗುವುದಿಲ್ಲ. ನಮ್ಮ ಪ್ರಶ್ನೋತ್ತರ ಪುಸ್ತಕಗಳು ಈ ಪದಗುಚ್ಛವನ್ನೇ ಉತ್ತರವೆಂದು ಕಲಿಸಿ ಕಲಿಸಿ ಬಹಳ ಹಾನಿ ಮಾಡಿವೆ.

‘ಜುಳುಜುಳು’ವಿನ ಸಂಗತಿ ಇನ್ನೂ ಗಂಭೀರವಾದದ್ದು. ಆಟಿ ತಿಂಗಳ ಜಡಿಮಳೆಯಲ್ಲಿ ಅವಳ ಮನೆಯ ಕೆಳಗಿನ ತೋಡು ಜುಳುಜುಳು ಎನ್ನುವುದಿಲ್ಲ. ಅದರ ಪಕ್ಕ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದನ್ನು ಹೇಗೆ ಕಲಸುತ್ತೀರಿ ಎಂದು ಕೇಳಿದಾಗ ಒಂದೇ ಉಸಿರಿನಲ್ಲಿ ಹೇಳಿದಳು: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಬೇರೆ ಬೇರೆ ಕರಗಿಸಬೇಕು, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗುಮುರುಗು ಮಾಡಿದರೆ ಮದ್ದು ಹಾಳು. ಇಷ್ಟು ಕರಾರುವಾಕ್ಕಾಗಿ ಮಾತಾಡಬಲ್ಲವಳು ಕಾಗದದ ಮೇಲೆ ‘ಸುಂದರವಾದ ತೋಟ’ ಎಂದು ಬರೆಯುತ್ತಾಳೆ. ಮನೆಯಲ್ಲಿ ‘ಮದ್ದು ಬಿಡುವುದು’, ಕಾಗದದಲ್ಲಿ ‘ಔಷಧಿ ಸಿಂಪಡಿಸುವುದು’. ಸಾಹಿತ್ಯದ ಮಾತೆಂದರೆ ಮನೆಯ ಮಾತಲ್ಲದ್ದು ಎಂಬ ನಂಬಿಕೆ ಎಲ್ಲಿಂದಲೋ ಒಳಗೆ ಸೇರಿಕೊಂಡಿದೆ. ಮೊದಲ ಕರಡಿಗೆ ಜೀವವಿಲ್ಲದಿರಲು ಪದಸಂಪತ್ತಿನ ಕೊರತೆ ಕಾರಣವಲ್ಲ, ಇದ್ದ ಪದಗಳನ್ನು ಬಾಗಿಲ ಹೊರಗೆ ಬಿಟ್ಟು ಬಂದದ್ದು ಕಾರಣ.

ಹಿಂತಿರುಗಿಸುವಾಗ ಅಧ್ಯಾಪಕರು ಎರಡೇ ಷರತ್ತು ಹಾಕಿದರು. ವಿಶೇಷಣ ಬಳಸುವಂತಿಲ್ಲ. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಯಾವುದನ್ನು ಬರೆದರೂ ಪಕ್ಕದಲ್ಲಿ ಪುಟಸಂಖ್ಯೆ ಇರಬೇಕು.

ಎರಡನೇ ಕರಡು: ತುಂಬ ಚೆನ್ನಾಗಿತ್ತು, ತುಂಬ ತಪ್ಪಾಗಿತ್ತು

ಮುಂದಿನ ವಾರ ಬಂದದ್ದು ಓದಿದರೆ ಯಾರೂ ಮೆಚ್ಚುವಂಥ ಬರಹ. ಹೊಗೆ, ಮಸಿ ಹಿಡಿದ ಗೋಡೆ, ಹಂಡೆಯ ಬಾಯಿಯಿಂದ ಏಳುವ ಹಬೆ, ಸೌದೆ ಒಡೆಯುವ ಶಬ್ದ. ಒಂದು ವಾಕ್ಯ ಹೀಗಿತ್ತು: ‘ಸುರಂಗದ ನೀರು ದಂಬೆಯಲ್ಲಿ ಇಳಿದು ಬಂದು ಗೋಪಾಲಯ್ಯನ ಬಚ್ಚಲ ತೊಟ್ಟಿಗೆ ಹಗಲು ರಾತ್ರಿ ಬೀಳುತ್ತಿತ್ತು.’

ಅದರ ಪಕ್ಕದಲ್ಲಿ ಪುಟಸಂಖ್ಯೆ ಇರಲಿಲ್ಲ. ಹುಡುಕಿ ಹಾಕು ಎಂದಾಗ ಅವಳು ಅರ್ಧ ಗಂಟೆ ಹುಡುಕಿದಳು. ಸಿಗಲಿಲ್ಲ. ಸುರಂಗ ಇದ್ದದ್ದು ಅವಳ ಮನೆಯಲ್ಲಿ.

ಕಾಸರಗೋಡಿನ ಹೊರಗಿನವರಿಗಾಗಿ ಒಂದು ಮಾತು: ಸುರಂಗವೆಂದರೆ ಗುಡ್ಡೆಯ ಒಡಲಿಗೆ ಅಡ್ಡಡ್ಡಲಾಗಿ ಕೊರೆದ ನೀರಿನ ದಾರಿ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ, ಎತ್ತರ. ಮುರಕಲ್ಲಿನ ಪದರಗಳಿಂದ ಜಿನುಗುವ ನೀರು ತಾನಾಗಿ ಹೊರಗೆ ಬಂದು ಕೆರೆಯಲ್ಲೋ ತೊಟ್ಟಿಯಲ್ಲೋ ಸೇರುತ್ತದೆ. ದಂಬೆಯೆಂದರೆ ಅಡಿಕೆ ಮರವನ್ನು ಸೀಳಿ ಮಾಡಿದ ನೀರಿನ ಓಣಿ. ಬಾಯಾರು, ಎಣ್ಮಕಜೆ ಕಡೆ ಇದು ನಿತ್ಯದ ನೋಟ. ಅಲ್ಲಿನ ಹುಡುಗಿಗೆ ತೋಟದ ಮನೆ ಎಂದ ಕೂಡಲೇ ಸುರಂಗ ತಾನಾಗಿ ಬಂದುಬಿಡುತ್ತದೆ.

ಎರಡನೇ ಕರಡಿನಲ್ಲಿ ಇಂದ್ರಿಯಕ್ಕೆ ಸಂಬಂಧಿಸಿದ ವಾಕ್ಯಗಳು ಹದಿನಾಲ್ಕು. ಅವುಗಳಲ್ಲಿ ಪುಟ ಸಿಕ್ಕಿದ್ದು ಐದಕ್ಕೆ. ಆರು ಅವಳ ಮನೆಯವು. ಇನ್ನು ಮೂರು ಎಲ್ಲಿಂದ ಬಂದವು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗೋಪಾಲಯ್ಯನ ನಗು, ತಲೆ ಅಲ್ಲಾಡಿಸುವ ರೀತಿ, ಮುಖದ ಸುಕ್ಕು – ಇವು ಪಿ. ಶೇಷಾದ್ರಿ ನಿರ್ದೇಶಿಸಿದ ಸಿನಿಮಾದಲ್ಲಿ ದತ್ತಣ್ಣ ಮಾಡಿದ ಗೋಪಾಲಯ್ಯನವು. ಅವಳು ಸಿನಿಮಾವನ್ನು ಮೊದಲು ನೋಡಿ ಆಮೇಲೆ ಪುಸ್ತಕ ಓದಿದವಳು. ಒಳ್ಳೆಯ ಸಿನಿಮಾ; ಆದರೆ ನಟನ ಮುಖ ಒಮ್ಮೆ ಕಣ್ಣಿಗೆ ಬಿದ್ದರೆ ಪುಸ್ತಕದ ಅಕ್ಷರಗಳು ಆ ಮುಖದ ಹಿಂದೆ ನಿಂತುಬಿಡುತ್ತವೆ. ವರ್ಣನೆ ಓದುವವರು ಪುಸ್ತಕ ಮುಗಿಸುವ ತನಕ ಸಿನಿಮಾ ನೋಡದಿರುವುದು ಒಳ್ಳೆಯದು. ನೋಡಿಯಾಗಿದ್ದರೆ ಸಿನಿಮಾದ ಚಿತ್ರಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ಬದಿಗಿಡಬೇಕು, ಅವು ಕರಡಿನೊಳಗೆ ನುಗ್ಗಿದರೆ ಗುರುತು ಹಿಡಿಯಲು.

ಪರಿಚಿತ ಜಗತ್ತಿನ ಕಾದಂಬರಿಯನ್ನು ಓದುವಾಗ ಆಗುವ ದೊಡ್ಡ ತಪ್ಪು ಇದೇ. ಲೇಖಕರು ‘ಹಂಡೆ’ ಎಂದ ಕೂಡಲೇ ಓದುಗಳ ಮನೆಯ ಹಂಡೆ ಎದುರು ಬರುತ್ತದೆ. ಅದರ ತಗ್ಗು, ಅದರ ಕಿಲುಬು, ಅದರ ಕೆಳಗಿನ ಒಲೆ ಸಮೇತ ಬರುತ್ತದೆ. ಲೇಖಕರು ಎಷ್ಟು ಕೊಟ್ಟರು, ತಾನು ಎಷ್ಟು ತುಂಬಿಸಿದೆ ಎಂಬ ಗಡಿಯೇ ಕಾಣುವುದಿಲ್ಲ. ಮರುಭೂಮಿಯ ಕಥೆ ಓದುವಾಗ ಈ ತೊಂದರೆ ಇಲ್ಲ. ಅಲ್ಲಿ ಕೊಟ್ಟದ್ದಷ್ಟೇ ಇರುತ್ತದೆ.

‘ಸರ್, ನಮ್ಮ ಮನೆ ಹಾಗೇ ಇದೆ. ಅದರಲ್ಲಿ ವರ್ಣನೆ ಎಂತದು ಇದೆ? ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾರೆ’ ಎಂದಳು. ಈ ಮಾತಿನಲ್ಲಿ ಮೆಚ್ಚುಗೆಯೂ ಇತ್ತು, ಕಾಣದ್ದರ ಒಪ್ಪಿಗೆಯೂ ಇತ್ತು.

ಕಡಪ್ಪುರದ ಹುಡುಗ

ಅದೇ ಪುಸ್ತಕವನ್ನು ಆರಿಸಿಕೊಂಡವನು ಕುಂಬಳೆ ಕಡೆಯ ಕಡಪ್ಪುರದವನು, ಅಂದರೆ ಕಡಲ ದಂಡೆಯವನು. ಮನೆಮಾತು ತುಳು, ಮನೆಯವರು ಕಡಲಿಗೆ ಹೋಗುವವರು. ಬರಹದಲ್ಲಿ ತಪ್ಪುಗಳು ಬಹಳ. ಅಡಿಕೆ ಮರದ ಹಾಳೆ ಯಾವುದು, ಸೋಗೆ ಯಾವುದು ಎಂದು ಕೇಳಿ ತಿಳಿಯಬೇಕಾಯಿತು. ಅವನ ಕರಡು ಕರಡೇ ಆಗಿರಲಿಲ್ಲ, ಪ್ರಶ್ನೆಗಳ ಪಟ್ಟಿ. ಬಂದವನಿಗೆ ಮೊದಲು ಸ್ನಾನ ಯಾಕೆ? ಗುರುತಿಲ್ಲದವನಿಗೆ ಇಷ್ಟು ಉಪಚಾರ ಯಾಕೆ? ಇವರಿಗೆ ಆಳುಕಾಳು ಇರುವಾಗ ಯಜಮಾನರೇ ಯಾಕೆ ಓಡಾಡುತ್ತಾರೆ? ರಾತ್ರಿ ಅಷ್ಟು ಹೊತ್ತು ಮಾತಾಡುವುದು ಯಾಕೆ, ಅವನಿಗೆ ನಿದ್ದೆ ಬರುವುದಿಲ್ಲವಾ?

ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಪುಟಸಂಖ್ಯೆ ಇತ್ತು. ಅವನಿಗೆ ತುಂಬಿಸಲು ಏನೂ ಇರಲಿಲ್ಲ, ಹಾಗಾಗಿ ಪುಸ್ತಕದಲ್ಲಿ ಇದ್ದದ್ದೇ ಕಂಡಿತು.

ಇಬ್ಬರ ಕಾಗದಗಳನ್ನೂ ಅಕ್ಕಪಕ್ಕ ಇಟ್ಟಾಗ ಮುಂದಿನ ಅಭ್ಯಾಸ ಹೊಳೆಯಿತು. ಅದಕ್ಕೆ ‘ಅತಿಥಿಯ ಪಟ್ಟಿ’ ಎಂದು ಹೆಸರಿಟ್ಟರು. ವಿಧಾನ ಹೀಗೆ: ಒಬ್ಬರು ಇನ್ನೊಬ್ಬರ ಮನೆಗೆ ಹೊಸದಾಗಿ ಹೋಗಬೇಕು, ಸಂಜೆ ಆರರ ನಂತರ ತಲುಪುವ ಹಾಗೆ. ಅಲ್ಲಿ ಏನನ್ನೂ ಬರೆದುಕೊಳ್ಳಬಾರದು, ಫೋನಿನಲ್ಲಿ ಚಿತ್ರ ತೆಗೆಯಬಾರದು. ಹಿಂತಿರುಗಿದ ಮೇಲೆ ಹನ್ನೆರಡು ಸಂಗತಿಗಳನ್ನು, ಗಮನಕ್ಕೆ ಬಂದ ಕ್ರಮದಲ್ಲೇ, ವಿಶೇಷಣವಿಲ್ಲದೆ ಬರೆಯಬೇಕು. ಮನೆಯವರೂ ಅದೇ ಸಂಜೆಯ ಬಗ್ಗೆ ಹನ್ನೆರಡು ಬರೆಯಬೇಕು. ಎರಡನ್ನೂ ಹೋಲಿಸುವ ತನಕ ಪರಸ್ಪರ ತೋರಿಸುವಂತಿಲ್ಲ. ತೆಗೆದುಕೊಂಡು ಹೋದ ಪುಸ್ತಕದಲ್ಲಿ ಅಲ್ಲೇ ಬರೆಯತೊಡಗಿದರೆ ಎಲ್ಲವೂ ಒಂದೇ ತೂಕದ್ದಾಗುತ್ತದೆ. ಹಿಂತಿರುಗುವ ಒಂದೆರಡು ಗಂಟೆಯಲ್ಲಿ ಬೇಡದ್ದು ಉದುರಿಹೋಗುವುದು ಈ ಅಭ್ಯಾಸಕ್ಕೆ ಅಗತ್ಯ.

ತುಲಾ ಮಾಸದ ಮಳೆ ಬಂದು ನಿಂತ ಒಂದು ಶನಿವಾರ ಹುಡುಗ ಎಣ್ಮಕಜೆಗೆ ಹೋದ. ಅವನ ಪಟ್ಟಿಯ ಮೊದಲ ಕೆಲವು: ದೀಪ ಕಾಣುವ ಮೊದಲು ನಾಯಿ ಬೊಗಳಿತು. ಅಂಗಳಕ್ಕೆ ಇಳಿಯುವ ಕಲ್ಲಿನಲ್ಲಿ ಪಾಚಿ, ಕಾಲು ಜಾರಿತು. ಚೆಂಬಿನಲ್ಲಿ ನೀರು ಕೊಟ್ಟರು, ಕಾಲಿಗೋ ಕುಡಿಯಲಿಕ್ಕೋ ಗೊತ್ತಾಗಲಿಲ್ಲ. ಅಜ್ಜಿ ಬೆಲ್ಲದ ತುಂಡು ಕೊಟ್ಟು ‘ಆಸರಿಂಗೆ’ (ಬಾಯಾರಿಕೆಗೆ) ಎಂದರು, ಅರ್ಥ ಕೇಳಲು ನಾಚಿಕೆಯಾಯಿತು. ಎಲ್ಲೋ ನೀರು ಬೀಳುತ್ತಲೇ ಇತ್ತು, ಎಲ್ಲಿ ಎಂದು ಕಾಣಲಿಲ್ಲ. ಮೂಲೆಯ ಹಣ್ಣಡಿಕೆ ರಾಶಿಯಿಂದ ಹುಳಿ ವಾಸನೆ. ಬಚ್ಚಲ ಕಡೆಯಿಂದ ಹೊಗೆ.

ಹುಡುಗಿಯ ಪಟ್ಟಿಯಲ್ಲಿ ನೀರಿಲ್ಲ, ಹೊಗೆಯಿಲ್ಲ, ಅಡಿಕೆಯಿಲ್ಲ, ಪಾಚಿಯಿಲ್ಲ. ಹನ್ನೆರಡರಲ್ಲಿ ಒಂಬತ್ತು ಸಂಗತಿಗಳು ಜನರ ಬಗ್ಗೆ: ಅಪ್ಪ ಏನೆಂದರು, ಅಜ್ಜಿ ಎಷ್ಟು ಸಲ ‘ಇನ್ನು ಸ್ವಲ್ಪ ಬಡಿಸು’ ಎಂದರು, ಬಂದವನು ಎಲ್ಲಿ ಕೂತ.

ಮುಂದಿನ ವಾರ ಅವಳು ಕಡಪ್ಪುರಕ್ಕೆ ಹೋಗಿಬಂದಳು. ಅವಳ ಪಟ್ಟಿಯ ಮೊದಲ ಸಾಲೇ ಅಲೆಯ ಸದ್ದು. ‘ಅವರು ಅದರ ಮೇಲೆಯೇ ಮಾತಾಡುತ್ತಾರೆ, ದನಿ ಏರಿಸಿರುವುದು ಅವರಿಗೆ ಗೊತ್ತಿಲ್ಲ’ ಎಂದು ಬರೆದಿದ್ದಳು. ಹುಡುಗನ ಪಟ್ಟಿಯಲ್ಲಿ ಕಡಲೇ ಇರಲಿಲ್ಲ. ತನ್ನ ಮನೆಯ ಎದುರು ಕಡಲಿದೆ ಎಂದು ಬರೆಯುವುದನ್ನು ಮರೆತಿದ್ದ!

ಇಬ್ಬರ ಪಟ್ಟಿಗಳನ್ನು ಇಟ್ಟುಕೊಂಡು ಕೂತ ಆ ಒಂದು ಗಂಟೆಯಲ್ಲಿ ಕಾದಂಬರಿಯ ಬಗ್ಗೆ ಯಾರೂ ಉಪನ್ಯಾಸ ಮಾಡಲಿಲ್ಲ. ಹುಡುಗಿಯೇ ಕೇಳಿದಳು: ‘ಹಾಗಾದರೆ ಗೋಪಾಲಯ್ಯ ಕಥೆ ಹೇಳುತ್ತಿದ್ದರೆ ಹಂಡೆ ಬರುತ್ತಲೇ ಇರಲಿಲ್ಲವಾ?’

ಬರುತ್ತಿರಲಿಲ್ಲ. ಇಡೀ ಕಾದಂಬರಿಯ ಕಣ್ಣನ್ನು ಕಾರಂತರು ಮನೆಯ ಯಜಮಾನನಿಗೆ ಕೊಡದೆ ದಾರಿ ತಪ್ಪಿ ಬಂದವನಿಗೆ ಕೊಟ್ಟರು. ಆ ತೋಟದ ಬಗ್ಗೆ ಗೋಪಾಲಯ್ಯನಿಗೆ ಗೊತ್ತಿರುವುದರ ನೂರನೇ ಪಾಲೂ ಬಂದವನಿಗೆ ಗೊತ್ತಿಲ್ಲ. ಆದರೆ ಗೊತ್ತಿರುವವನು ವಿವರಿಸುವುದಿಲ್ಲ, ಬೇಸಾಯ ಮಾಡುತ್ತಾನೆ. ಕಾರಂತರು ಹುಟ್ಟಿದ್ದು ಕಡಲ ಕಡೆಯ ಕೋಟದಲ್ಲಿ, ಬಹುಕಾಲ ಬಾಳಿದ್ದು ಪುತ್ತೂರಿನಲ್ಲಿ. ಬಂದವನ ಕಣ್ಣು, ಇದ್ದವನ ತಿಳಿವು ಎರಡೂ ಅವರಲ್ಲಿದ್ದವು. ಕಾದಂಬರಿಯಲ್ಲಿ ತಿಳಿವನ್ನು ಗೋಪಾಲಯ್ಯನ ಮಾತಿಗೂ ಕಣ್ಣನ್ನು ಪ್ರಯಾಣಿಕನಿಗೂ ಹಂಚಿದ್ದಾರೆ. ಹೀಗೆ ಹಂಚಿಟ್ಟದ್ದರಿಂದಲೇ ಅಲ್ಲಿ ವರ್ಣನೆಗೆ ಉಸಿರಾಡಲು ಜಾಗ ಸಿಕ್ಕಿದೆ.

ಮೂರು ಕಾಲಮು

ಇಲ್ಲಿಂದ ಮುಂದಿನದು ಲೆಕ್ಕದ ಕೆಲಸ. ಮುಸ್ಸಂಜೆಯ ಕಾಡಿನಿಂದ ಹಿಡಿದು ಮೊದಲ ರಾತ್ರಿ ಮುಗಿಯುವವರೆಗಿನ ಭಾಗವನ್ನಷ್ಟೇ ಹುಡುಗಿ ತೆಗೆದುಕೊಂಡಳು. ಇಡೀ ಕಾದಂಬರಿ ತೆಗೆದುಕೊಂಡರೆ 1000 ಪದಗಳಲ್ಲಿ ಯಾವುದನ್ನೂ ಹತ್ತಿರದಿಂದ ನೋಡಲಾಗುವುದಿಲ್ಲ. ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ ಮೂರು ಕಾಲಮು: ಏನು ವರ್ಣನೆಗೆ ಬಂತು, ಯಾರು ಅದನ್ನು ಕಂಡರು ಅಥವಾ ಕೇಳಿದರು, ಆ ಹೊತ್ತಿಗೆ ಅವರಿಗೆ ಏನು ಬೇಕಿತ್ತು. ಎಡಬದಿಯ ಅಂಚಿನಲ್ಲಿ ಪುಟ, ಅಧ್ಯಾಯ ಎರಡೂ. ಗ್ರಂಥಾಲಯದ ಎರಡು ಪ್ರತಿಗಳು ಬೇರೆ ಬೇರೆ ಮುದ್ರಣದವಾದ್ದರಿಂದ ಪುಟಸಂಖ್ಯೆ ತಾಳೆಯಾಗುತ್ತಿರಲಿಲ್ಲ. ಹೀಗಾಗುವುದು ಸಾಮಾನ್ಯ. ಪುಟವೊಂದನ್ನೇ ನಂಬಿದರೆ ಆಮೇಲೆ ಸಾಲು ಹುಡುಕಲು ಒಂದು ದಿನ ಹೋಗುತ್ತದೆ.

ಮೂರನೇ ಕಾಲಮಿನಲ್ಲಿ ಅವಳು ಮೊದಲು ಬರೆದದ್ದು ‘ಸೌಂದರ್ಯಾನುಭವ’, ‘ಪ್ರಕೃತಿಪ್ರೇಮ’. ಮೊದಲ ಕರಡು ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. ಅದನ್ನು ತಡೆಯಲು ಒಂದು ನಿಯಮ ಬೇಕಾಯಿತು: ಆ ಪಾತ್ರ ಆ ಕ್ಷಣದಲ್ಲಿ ಬಾಯಿಬಿಟ್ಟು ಕೇಳಬಹುದಾದದ್ದನ್ನು ಮಾತ್ರ ಬರೆಯಬೇಕು. ದಾರಿ ಎಲ್ಲಿ ಎಂದು ಕೇಳಬಹುದು. ನೀರು ಕೇಳಬಹುದು. ಮಲಗಲು ಜಾಗ ಕೇಳಬಹುದು. ‘ನನಗೆ ಸ್ವಲ್ಪ ಸೌಂದರ್ಯಾನುಭವ ಕೊಡಿ’ ಎಂದು ಕತ್ತಲ ಕಾಡಿನಲ್ಲಿ ಯಾರೂ ಕೇಳುವುದಿಲ್ಲ.

ನಿಯಮ ಹಾಕಿದ ಮೇಲೆ ಕಾಲಮು ತಾನಾಗಿ ತುಂಬತೊಡಗಿತು. ಕಾಡಿನಲ್ಲಿ ಬೇಕಾದದ್ದು ದಾರಿ. ಆದ್ದರಿಂದ ಅಲ್ಲಿ ಕತ್ತಲಾಗುವ ವೇಗ, ಕವಲು, ಮನುಷ್ಯರ ಸುಳಿವು ಇವೇ ಮುಖ್ಯವಾಗುತ್ತವೆ. ಮರದ ಹೆಸರು ಹೇಳುವ ಪುರುಸೊತ್ತು ಅವನಿಗಿಲ್ಲ, ಓದುವವರಿಗೂ ಬೇಡ. ದೇರಣ್ಣ, ಬಟ್ಯರು ಸಿಕ್ಕಾಗ ಬೇಕಾದದ್ದು ಜೊತೆ. ಅವರು ನೋಡಲು ಹೇಗಿದ್ದಾರೆ ಎಂಬುದಕ್ಕಿಂತ ಅವರು ಇದ್ದಾರೆ ಎಂಬುದು ದೊಡ್ಡದು. ಮನೆ ಮುಟ್ಟಿದ ಮೇಲೆ ಮೈಗೆ ಬಿಸಿನೀರು, ಹೊಟ್ಟೆಗೆ ಊಟ. ದಣಿದ ಮೈ ಇಲ್ಲದಿದ್ದರೆ ಬಚ್ಚಲು ಬರಿಯ ಬಚ್ಚಲಾಗಿ ಉಳಿಯುತ್ತಿತ್ತು. ಓದುವವರ ಬೆನ್ನಿಗೂ ಆ ನೀರು ತಾಗುವುದು ಅದಕ್ಕೆ ಮೊದಲಿನ ಪುಟಗಳಲ್ಲಿ ನಡೆದ ಕಾಲುಗಳಿಂದ. ವರ್ಣನೆಯ ಶಕ್ತಿ ವರ್ಣನೆಯ ವಾಕ್ಯದಲ್ಲೇ ಇರಬೇಕೆಂದಿಲ್ಲ. ಎಷ್ಟೋ ಸಲ ಅದಕ್ಕಿಂತ ಮೊದಲಿನ ಪುಟ ಅದನ್ನು ಕಾಯಿಸಿಟ್ಟಿರುತ್ತದೆ. ಒಳ್ಳೆಯ ತುಣುಕನ್ನು ಕತ್ತರಿಸಿ ‘ಶ್ರೇಷ್ಠ ವರ್ಣನೆಗಳು’ ಎಂದು ಪಠ್ಯಕ್ಕೆ ಹಾಕಿದಾಗ ಅದು ಸಪ್ಪೆಯಾಗುವುದಕ್ಕೆ ಇದೇ ಕಾರಣ. ಹಸಿವನ್ನು ಬಿಟ್ಟು ಊಟವನ್ನಷ್ಟೇ ತಂದಿರುತ್ತಾರೆ.

ಒಂದು ವಿಷಯ ಹುಡುಗನಿಂದ ಬಂತು. ರಾತ್ರಿ ಬಂದವನಿಗೆ ಕಾಣುವುದು ಕೈಯಳತೆಯ ಜಗತ್ತು: ಅಂಗಳ, ಬಚ್ಚಲು, ಊಟದ ಎಲೆ, ಎದುರು ಕೂತವರ ಮುಖ. ಬೆಟ್ಟ, ತೋಟ, ಕಣಿವೆ ಎಲ್ಲ ಬೆಳಕಾದ ಮೇಲಿನವು. ‘ನಾವು ಕಡಲಿಂದ ಬರುವಾಗ ಮೊದಲು ಗುಡ್ಡೆ ಕಾಣುತ್ತದೆ, ಆಮೇಲೆ ತೆಂಗು, ಆಮೇಲೆ ಮನೆ. ಇಲ್ಲಿ ಉಲ್ಟಾ’ ಎಂದ. ಮನೆ ಮೊದಲು, ಊರು ಮರುದಿನ. ಗೋಪಾಲಯ್ಯನನ್ನು ಅವನ ಬೆಟ್ಟದಿಂದ ಅಳೆಯುವ ಮೊದಲೇ ಓದುಗರು ಅವನ ಕೈಯ ಉಪಚಾರದಿಂದ ಅರಿತಿರುತ್ತಾರೆ. ಸಿಡಿಲಿನಂಥ ವಾಕ್ಯವೇನೂ ಅಲ್ಲ ಅದು, ಆದರೆ ಇಡೀ ತರಗತಿಯಲ್ಲಿ ಅಷ್ಟು ಒಳ್ಳೆಯ ಮಾತನ್ನು ಬೇರೆ ಯಾರೂ ಆಡಲಿಲ್ಲ.

ಕಾಲಮು ಎಲ್ಲಿ ಕೆಟ್ಟಿತು

ಊಟವಾದ ಮೇಲಿನ ಮಾತುಕತೆಗೆ ಬಂದಾಗ ಹುಡುಗಿ ಎರಡು ದಿನ ಮುಂದೆ ಹೋಗಲಿಲ್ಲ. ಬಂದವನಿಗೆ ಈಗ ಬೇಕಾದದ್ದು ನಿದ್ದೆ. ಆದರೆ ಪುಟದ ಮೇಲೆ ಇರುವುದು ಮುದುಕ ಮುದುಕಿಯರ ಮಾತು, ಒಬ್ಬರನ್ನೊಬ್ಬರು ಕೆಣಕುವುದು, ಮಗನ ಸುದ್ದಿ ಬಂದಾಗ ದನಿ ಬದಲಾಗುವುದು. ಮೂರನೇ ಕಾಲಮಿಗೂ ಮೊದಲನೆಯದಕ್ಕೂ ಹೊಂದುತ್ತಿಲ್ಲ. ವಿಧಾನ ತಪ್ಪು ಎಂದು ಅವಳು ಹಾಳೆ ಹರಿಯಲು ಹೊರಟಿದ್ದಳು.

ಕೆಟ್ಟದ್ದು ವಿಧಾನವಲ್ಲ. ಅಲ್ಲಿಯವರೆಗೆ ಬೇಕಿದ್ದವನು ಬಂದವನು, ಕೊಡುವವರು ಮನೆಯವರು. ಈಗ ಬೇಕಾಗಿರುವುದು ಮನೆಯವರಿಗೆ, ಕೊಡಬೇಕಾದವನು ಬಂದವನು. ಅವರಿಗೆ ಬೇಕಾದದ್ದು ಕೇಳುವ ಕಿವಿ. ಹೊರಗಿನಿಂದ ಬಂದವನು ಶಂಭುವಿನ ಪ್ರಾಯದವರನ್ನು ಎಲ್ಲಾದರೂ ಕಂಡಿರಬಹುದು ಎಂಬ ಆಸೆ ಅದರೊಳಗಿದೆ. ಬೇಡಿಕೆ ಕೈ ಬದಲಾಯಿಸುವ ಜಾಗದಲ್ಲೇ ಕಾದಂಬರಿಯ ಕಥೆ ಶುರುವಾಗುತ್ತದೆ.

ಇದು ಗೊತ್ತಾದ ಮೇಲೆ ಅವಳು ಹಿಂದಕ್ಕೆ ಹೋದಳು. ಹುಡುಗನ ಮೊದಲ ದಿನದ ಪ್ರಶ್ನೆಗಳನ್ನು ಕೇಳಿ ತೆಗೆದುಕೊಂಡಳು: ಗುರುತಿಲ್ಲದವನಿಗೆ ಇಷ್ಟು ಉಪಚಾರ ಯಾಕೆ? ಬಚ್ಚಲಿನ ಸಾಲಿನ ಎದುರು ಪೆನ್ಸಿಲಿನಲ್ಲಿ ನಾಲ್ಕನೇ ಕಾಲಮು ಎಳೆದು ಅದರ ತಲೆಗೆ ‘ಇದು ಯಾರಿಗೆಂದು ಇಟ್ಟದ್ದು?’ ಎಂದು ಬರೆದಳು. ಕೆಳಗೆ ಒಂದೇ ಹೆಸರು: ಶಂಭು.

ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಒಪ್ಪದವರೂ ಇರಬಹುದು. ನಮ್ಮ ಕಡೆಯ ತೋಟದ ಮನೆಗಳಲ್ಲಿ ಬಂದವರಿಗೆ ಉಪಚಾರ ರೂಢಿ, ಅದಕ್ಕೆ ಮಗನ ಅಗಲಿಕೆಯ ಕಾರಣ ಬೇಕಿಲ್ಲ ಎಂದು ತರಗತಿಯಲ್ಲೇ ಒಬ್ಬರು ವಾದಿಸಿದರು. ಅದು ನ್ಯಾಯವಾದ ಆಕ್ಷೇಪ. ಹುಡುಗಿಯ ಉತ್ತರವೂ ಅಷ್ಟೇ ನ್ಯಾಯವಾಗಿತ್ತು: ರೂಢಿಯಾದರೆ ಲೇಖಕರು ಅದರ ಮೇಲೆ ಇಷ್ಟು ಹೊತ್ತು ನಿಲ್ಲಬೇಕಾಗಿರಲಿಲ್ಲ, ಬೆಲ್ಲ ನೀರು ಕೊಟ್ಟರು ಎಂದು ಮುಂದೆ ಹೋಗಬಹುದಿತ್ತು. ಎಲ್ಲಿ ನಿಧಾನವಾದರು ಎಂಬುದು ಪುಸ್ತಕದಲ್ಲಿ ಕಾಣುತ್ತದೆ, ಅದನ್ನು ತೋರಿಸಬಹುದು.

ಮೂರನೇ ಕರಡು

ಕೊನೆಗೆ ಕೊಟ್ಟ ಬರಹದಿಂದ ಒಂದು ಭಾಗ, ಅವಳ ಮಾತಿನಲ್ಲೇ:

‘ದಾರಿ ತಪ್ಪಿ ನಡೆದವನ ಕಾಲು ಮೊದಲು ಬರುತ್ತದೆ, ನೀರು ಆಮೇಲೆ. ಗೋಪಾಲಯ್ಯ ಬಂದವನನ್ನು ಮೀಯಿಸುವುದನ್ನು ಓದುವಾಗ ನಮಗೂ ಹಿತ. ಆದರೆ ಆ ರಾತ್ರಿಯೇ ಮಗನ ಸಂಗತಿ ಗೊತ್ತಾದ ಮೇಲೆ ಬಚ್ಚಲಿನ ಪುಟಕ್ಕೆ ಮತ್ತೆ ಹೋಗಿ ನೋಡಿದರೆ ಅದೇ ನೀರು ಬೇರೆ ಆಗಿದೆ. ಯಾರದೋ ಮಗನಿಗೆ ಹೊಯ್ದ ನೀರು ಅದು. ಕಾರಂತರು ಎರಡನೇ ಸಲ ಅದನ್ನು ವರ್ಣಿಸಬೇಕಾಗಿಲ್ಲ.’

ಎಂಟು ವಾಕ್ಯಗಳೂ ಇಲ್ಲ. ಹಸಿರು, ದಟ್ಟ, ರಮ್ಯ ಯಾವುದೂ ಇಲ್ಲ. ‘ಸ್ನಾನ ಮಾಡಿಸುವುದು’ ಎಂದು ಮೊದಲು ಬರೆದು ಅದನ್ನು ಹೊಡೆದು ‘ಮೀಯಿಸುವುದು’ ಎಂದು ಮಾಡಿದ್ದಳು. ಮನೆಯ ಮಾತು ಮತ್ತೆ ಒಳಗೆ ಬಂದದ್ದರ ಗುರುತು ಅದು. ಸುರಂಗ ಹೊರಗೆ ಹೋಯಿತು, ಮಾತು ಒಳಗೆ ಬಂತು. ಎರಡನೇ ಕರಡಿನಲ್ಲಿ ಇದ್ದದ್ದು ಇದರ ತಿರುಗುಮುರುಗು.

ಕೊರತೆಗಳೂ ಉಳಿದವು. ಬಂದವನು ಬೆಟ್ಟಗಳನ್ನು ಸುಮ್ಮನೆ ನೋಡುತ್ತ ನಿಲ್ಲುವ ಭಾಗಗಳಿಗೆ ಮೂರನೇ ಕಾಲಮು ಖಾಲಿ. ಅಲ್ಲಿ ಬೇಡಿಕೆ ಇಲ್ಲ, ನೋಟ ಮಾತ್ರ ಇದೆ. ಅವಳು ಅದನ್ನು ಬಲವಂತವಾಗಿ ತುಂಬಿಸದೆ ಖಾಲಿ ಬಿಟ್ಟು, ಬರಹದ ಕೊನೆಯಲ್ಲಿ ಹಾಗೆಂದೇ ಹೇಳಿದಳು. ಇದಕ್ಕೆ ಅಂಕ ಕಳೆಯಲಿಲ್ಲ. ತಾನು ಹಿಡಿದ ಅಳತೆಗೋಲು ಎಲ್ಲಿ ಮುಟ್ಟುವುದಿಲ್ಲ ಎಂದು ಗುರುತಿಸುವುದು ಅಳೆಯುವವರಿಗೆ ಇರಲೇಬೇಕಾದ ಗುಣ. ಕಾದಂಬರಿಯಲ್ಲಿ ಮುಂದೆ ಬರುವ ಹುಲಿಯ ಪ್ರಸಂಗವನ್ನೂ, ನಾರಾಯಣ ಲಕ್ಷ್ಮಿಯರ ಸಂಸಾರವನ್ನೂ ಮುಟ್ಟಲು ಸಮಯವಾಗಲಿಲ್ಲ. ಮೂರು ವಾರಗಳು ಸಾಲು ಓದಲು ಸಾಕು, ಮನೆ ಬದಲಾಯಿಸಿ ನೋಡಲು ಸಾಲದು; ಐದು ವಾರ ಬೇಕು. ಹುಡುಗನ ಬರಹ ಗಡುವಿನ ಆಮೇಲೆ ಬಂತು, ತಪ್ಪುಗಳನ್ನು ತಿದ್ದಲು ಇನ್ನೊಂದು ಸುತ್ತು ಬೇಕಾಯಿತು. ಅವನ ಪ್ರಶ್ನೆಗಳ ಪಟ್ಟಿಯನ್ನು ಮಾತ್ರ ಒಂದಕ್ಷರವೂ ತಿದ್ದದೆ ಬರಹದ ಜೊತೆ ಸೇರಿಸಿಕೊಂಡರು.

ಈ ವಿಧಾನವನ್ನು ಬೇರೆ ಕಾದಂಬರಿಗೆ ಹಚ್ಚುವವರು ಒಂದು ತೊಡಕನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದೇ ಲೇಖಕರ ‘ಚೋಮನ ದುಡಿ’ಯಲ್ಲಿ ಅತಿಥಿಯೇ ಇಲ್ಲ. ಹೊರಗಿನಿಂದ ಬಂದು ಬೆರಗಾಗುವ ಕಣ್ಣು ಅಲ್ಲಿ ಸಿಗುವುದಿಲ್ಲವಾದ್ದರಿಂದ ಎರಡನೇ ಕಾಲಮಿನಲ್ಲಿ ಒಬ್ಬನೇ ಒಬ್ಬನನ್ನು ಬರೆದು ಮುಗಿಸಲಾಗದು. ಎತ್ತುಗಳನ್ನು ಯಾರು ನೋಡುತ್ತಿದ್ದಾರೆ, ದುಡಿಯ ಸದ್ದು ಯಾರ ಕಿವಿಗೆ ಹೇಗೆ ಕೇಳುತ್ತಿದೆ ಎಂದು ಪ್ರತಿ ಸಲ ಬಿಡಿಸಿ ಬರೆಯಬೇಕು. ಮೂರನೆಯದು ಅಲ್ಲಿ ಸುಲಭ. ಮೊದಲಿಂದ ಕೊನೆಯವರೆಗೆ ಒಂದೇ ಉತ್ತರ: ಚೋಮನಿಗೆ ಉಳಲು ಒಂದು ತುಂಡು ನೆಲ.